ಏಳನೇ ಪೇಪರ್

೧೯ ನವೆಂಬರ್ ೨೦೧೨, ಸೋಮವಾರ. ಗುಲ್ಬರ್ಗಾ. ಸಂಜೆ ೬

ಪಟ್ಟಿ ಇನ್ನೂ ಮುಗಿದಿಲ್ಲ. ಪ್ರೊಫೆಸರ್ ಹುದ್ದೆಯ ಸಂದರ್ಶನ ಡಿಸೆಂಬರ್ ಹದಿನಾಲ್ಕಕ್ಕೆ. ಪ್ರಕಟವಾದ ಪೇಪರುಗಳನ್ನೆಲ್ಲ ವರ್ಷವಾರು ಬರೆದು, ಪ್ರತಿಯೊಂದರ ಮೂರು ಜೆರಾಕ್ಸ್ ಇಡಬೇಕಂತೆ. ಒಟ್ಟು ಹದಿನಾಲ್ಕು. ಒಂಬತ್ತರಲ್ಲಿ ನನ್ನ ಹೆಸರೇ ಮೊದಲು. ಶೇಖಮ್ಮ ಅಂಬ್ರಪ್ಪ. ಒಂದರಲ್ಲಿ ಹೆಸರು ತಪ್ಪಾಗಿ ಅಚ್ಚಾಗಿದೆ, ಅದನ್ನು ಬೇರೆ ವಿವರಿಸಬೇಕು.

'ಅತಿ ಮುಖ್ಯವಾದ ಐದನ್ನು ಗುರುತಿಸಿ' ಎಂದು ಒಂದು ಕಾಲಂ. ಮೊದಲನೆಯದಕ್ಕೆ ಯೋಚಿಸುವುದೇ ಇಲ್ಲ. ಏಳನೆಯದು, ೨೦೦೬. ತಂಬಾಕು-ಸುಣ್ಣ ಅಗಿಯುವ ಹೆಂಗಸರ ಬಾಯಲ್ಲಿ ಬಿಳಿ ಮಚ್ಚೆ ಬೀಳುತ್ತದೆ. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆಗುತ್ತಿದೆ ಎಂದು ರಕ್ತದಲ್ಲೇ ತಿಳಿಯಬಹುದು ಎಂದು ಬರೆದೆ. ರೋಗ ತಡೆಯುವ ಕಣಗಳು ಬಿಡುವ ಒಂದು ಪ್ರೋಟೀನು ಹದಿನೆಂಟು ದಾಟಿದರೆ ಬಯಾಪ್ಸಿ ಮಾಡಿ, ದಾಟದಿದ್ದರೆ ಬೇಡ. ಇನ್ನೂರು ಕಡೆ ಉಲ್ಲೇಖ ಆಗಿದೆ. ಜುಲೈಯಿಂದ ಒಂದು ಟ್ರಸ್ಟಿನವರು ಇದೇ ಹದಿನೆಂಟನ್ನು ಹಿಡಿದು ಶಹಾಪುರ ತಾಲ್ಲೂಕಿನಲ್ಲಿ ಕ್ಯಾಂಪ್ ನಡೆಸುತ್ತಿದ್ದಾರೆ.

ಅಷ್ಟರಲ್ಲಿ ಫೋನ್. ಶಿರವಾಳದ ನರ್ಸ್, ಸಿಸ್ಟರ್ ಗೊಲ್ಲಾಳಮ್ಮ. ಪಿಎಚ್.ಡಿ. ದಿನಗಳಲ್ಲಿ ನನ್ನ ಜೊತೆ ಮನೆಮನೆ ತಿರುಗಿ ಹೆಂಗಸರನ್ನು ರಕ್ತ ಕೊಡಲು ಒಪ್ಪಿಸಿದವಳು.

"ಮೇಡಂ, ಒಂದ್ ಕೇಸ್ ಐತ್ರಿ. ಮಲಕಮ್ಮ ಅಂತ, ಕುರಿ ಮಂದಿ. ಆಗಸ್ಟ್ ಕ್ಯಾಂಪಿನ್ಯಾಗ ಹದಿನಾಕ ಬಂದಿತ್ತು. ಏನಿಲ್ಲ ಅಂತ ಕಳಸ್ಯಾರ. ಹುಣ್ಣ ಮಾಯವಲ್ದ್ರಿ. ಈಗ ಬಾಯಿ ತೆಗಿಯಾಕ ಬರವಲ್ದು."

"ಹದಿನಾಕ ಅಂದ್ರ ನಾರ್ಮಲ್ ಅಲ್ಲೇನು?" ಅಂದೆ.

"ಅದು ನೀವ ಹೇಳ್ಬೇಕ್ರಿ. ನಿಮ್ದ ನಂಬರು."

ಫೋನ್ ಇಟ್ಟ ಮೇಲೆ ಪಟ್ಟಿ ಮುಂದೆ ಹೋಗಲಿಲ್ಲ.

೨೦ ನವೆಂಬರ್. ಬೆಳಿಗ್ಗೆ ೫.೩೦

ಹಳೇ ಲ್ಯಾಬ್ ನೋಟ್‌ಬುಕ್ ತೆಗೆದೆ. ಕಬ್ಬಿಣದ ಕಪಾಟಿನ ಕೆಳಗಿನ ಖಾನೆ. ಎಲ್ಲಿದೆ ಎಂದು ಹುಡುಕಬೇಕಾಗಲೇ ಇಲ್ಲ. ಏಳು ವರ್ಷದಿಂದ ಅದು ಎಲ್ಲಿದೆ ಎಂದು ಚೆನ್ನಾಗಿ ಗೊತ್ತು.

ಬರೆದುಬಿಡುತ್ತೇನೆ. ಇಲ್ಲೂ ಬರೆದಿರಲಿಲ್ಲ.

ಮೇ ೨೦೦೫. ತೊಂಬತ್ತು ಹೆಂಗಸರ ರಕ್ತ. ನಲವತ್ತು ಜನ ಕ್ಯಾನ್ಸರಿನವರು, ಐವತ್ತು ಜನ ಬರೀ ಮಚ್ಚೆಯವರು. ರಜೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ, ಜನರೇಟರ್ ಚಾಲೂ ಆಗಿರಲಿಲ್ಲ. ಸೋಮವಾರ ಬಾಗಿಲು ತೆಗೆದರೆ ಫ್ರೀಜರಿನ ಕೆಳಗೆ ನೀರು. ಕೆಳಗಿನ ಸಾಲಿನ ಇಪ್ಪತ್ತೆರಡು ನಳಿಕೆ ಕರಗಿ ಬೆಚ್ಚಗಾಗಿದ್ದವು. ಇಪ್ಪತ್ತೆರಡೂ ಕ್ಯಾನ್ಸರಿನವರದ್ದು. ಅವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು. ಮತ್ತೆ ರಕ್ತ ಕೇಳುವ ಹಾಗಿರಲಿಲ್ಲ.

ಆದರೂ ಟೆಸ್ಟ್ ಹಚ್ಚಿದೆ. ಒಂಬತ್ತು, ಹತ್ತು, ಹನ್ನೆರಡು, ಹೀಗೆ ಬಂದವು. ಉಳಿದ ಹದಿನೆಂಟು ಜನರದ್ದು ಇಪ್ಪತ್ತರ ಮೇಲಿತ್ತು. ಕರಗಿದ್ದಕ್ಕೆ ಅರ್ಧಕ್ಕೆ ಇಳಿದಿರಬೇಕು ಎಂದುಕೊಂಡೆ. ಎರಡರಿಂದ ಗುಣಿಸಿದೆ. ಗುಣಿಸಿದ್ದನ್ನು ಎಲ್ಲೂ ಹೇಳಲಿಲ್ಲ.

ಇಳಿದಿದ್ದವೋ, ಆ ಹೆಂಗಸರದ್ದು ಮೊದಲೇ ಅಷ್ಟಿತ್ತೋ — ಯಾರಿಗೆ ಗೊತ್ತು. ಥೀಸಿಸ್ ಒಪ್ಪಿಸಲು ಆರು ದಿನ ಉಳಿದಿತ್ತು.

ಇವತ್ತು ಬೆಳಿಗ್ಗೆ ಗುಣಾಕಾರ ತೆಗೆದು, ಬಂದ ಅಂಕಿಗಳನ್ನೇ ಇಟ್ಟು ಮತ್ತೆ ಲೆಕ್ಕ ಹಾಕಿದೆ. ಬಯಾಪ್ಸಿಯ ಗಡಿ ಹದಿನೆಂಟು ಬರುವುದಿಲ್ಲ. ಹನ್ನೊಂದು ಬರುತ್ತದೆ... ಕೆಲವರದ್ದು ಅದಕ್ಕೂ ಕೆಳಗೆ. ಎರಡು ಸಲ ಹಾಕಿದೆ. ಹನ್ನೊಂದೇ.

ಹಾಗಾದರೆ ಹನ್ನೊಂದು ಮತ್ತು ಹದಿನೆಂಟರ ನಡುವೆ ಬಂದ ಎಲ್ಲ ಹೆಂಗಸರನ್ನೂ...

೨೨ ನವೆಂಬರ್. ಶಹಾಪುರ ಬಸ್‌ಸ್ಟ್ಯಾಂಡ್. ಮಧ್ಯಾಹ್ನ ೩

ಶಿರವಾಳದಿಂದ ವಾಪಸ್ ಹೊರಟಿದ್ದೇನೆ. ಮಲಕಮ್ಮನನ್ನು ನೋಡಿದೆ. ನಲವತ್ತೈದು ಇರಬಹುದು. ಅಂಗಳದಲ್ಲಿ ಎರಡು ಮರಿಗಳಿಗೆ ಸೊಪ್ಪು ಹಾಕುತ್ತ ಕುಳಿತಿದ್ದಳು. ಗಂಡ ಅಮೋಘಸಿದ್ದ ಕುರಿ ಹೊಡೆದುಕೊಂಡು ಕಾಲುವೆ ಆಚೆ ಹೋಗಿದ್ದಾನೆ. ಭತ್ತ ಕೊಯ್ದ ಗದ್ದೆಗಳಲ್ಲಿ ಮೇಯಿಸಲು.

ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ. ಟಾರ್ಚ್ ಬಿಟ್ಟೆ. ಕೆಳದವಡೆಯ ಎಡಕ್ಕೆ, ಒಸಡಿನಿಂದ ಕೆನ್ನೆಯವರೆಗೆ. ಅಂಚು ಗಟ್ಟಿ. ಕುತ್ತಿಗೆಯಲ್ಲಿ ಒಂದು ಗಂಟು. ರಕ್ತದ ಕಿಟ್ ಬೇಕಿಲ್ಲ, ಎರಡನೇ ವರ್ಷದ ಮೆಡಿಕಲ್ ಹುಡುಗಿಯೂ ಹೇಳುತ್ತಾಳೆ.

"ಯಾವಾಗಿಂದ ಹಿಂಗ?"

"ರಾಖಿ ಹುಣ್ಣಿಮಿಂದ್ರಿ. ನಾ ಅವತ್ತ ಹೋಗಿದ್ದೆ ಕ್ಯಾಂಪಿಗಿ. ಏನಿಲ್ಲ ಅಂದ್ರು."

"ಆಮ್ಯಾಲ ಮತ್ತ್ಯಾಕ ತೋರಸಲಿಲ್ಲ?"

ರೇಷನ್ ಕಾರ್ಡಿನೊಳಗೆ ಮಡಚಿಟ್ಟ ಚೀಟಿ ತೆಗೆದಳು. ೧೪.೨. ನಾರ್ಮಲ್. ಕೆಳಗೆ ಸಣ್ಣ ಅಕ್ಷರದಲ್ಲಿ ಆಧಾರ — ನನ್ನ ಪೇಪರು, ನನ್ನ ಹೆಸರು.

"ಕಾಗದ ಐತೆಲ್ರಿ. ಕಾಗದ ಇದ್ದ ಮ್ಯಾಲ ಮತ್ಯಾಕ ಹೋಗಲಿ ಯವ್ವ?"

ಗೊಲ್ಲಾಳಮ್ಮ ನನ್ನ ಮುಖ ನೋಡುತ್ತಿದ್ದಳು. ನಾನು ಚೀಟಿಯನ್ನೇ ನೋಡುತ್ತಿದ್ದೆ. ನಾಳೆ ಗುಲ್ಬರ್ಗಾಕ್ಕೆ ಕರೆತರಲು ಹೇಳಿ ಎದ್ದೆ. ಯಾಕೆ ಹೀಗಾಯಿತು ಎಂದು ಹೇಳಲಿಲ್ಲ. ಬಯಾಪ್ಸಿ ಬರಲಿ, ಆಮೇಲೆ... ಎಂದುಕೊಂಡೆ. ಸುಳ್ಳು. ಧೈರ್ಯ ಬರಲಿಲ್ಲ.

೨೭ ನವೆಂಬರ್

ರಿಪೋರ್ಟ್ ಬಂತು. ಕ್ಯಾನ್ಸರ್. ಮೂಳೆಗೆ ಇಳಿದಿದೆ. ದವಡೆಯ ಒಂದು ಭಾಗ ತೆಗೆಯಬೇಕು. ಸರ್ಜನ್ ಅಂದರು, ಆಗಸ್ಟಿನಲ್ಲೇ ಬಂದಿದ್ದರೆ ದವಡೆ ಉಳಿಯುತ್ತಿತ್ತೇನೋ.

ಸುರಪುರದಲ್ಲಿ ಮುಂದಿನ ಕ್ಯಾಂಪ್ ಡಿಸೆಂಬರ್ ಮೂರಕ್ಕೆ. ಆರು ದಿನ.

೨೯ ನವೆಂಬರ್. ಯಾದಗಿರಿ

ಬಸವಂತರಾಯ ಸರ್ ಮನೆಗೆ ಹೋಗಿದ್ದೆ. ನನ್ನ ಗೈಡ್. ನಿವೃತ್ತರಾಗಿ ನಾಲ್ಕು ವರ್ಷ. ಕಾಲುವೆ ಗೇಟ್ ತಿರುಗಿಸುವವನ ಮಗಳಿಗೆ ಲ್ಯಾಬ್ ಕೊಡಬೇಡಿ, ನಡುವೆ ಬಿಟ್ಟು ಹೋಗುತ್ತಾಳೆ ಎಂದು ಡಿಪಾರ್ಟ್‌ಮೆಂಟೇ ಅಂದಾಗ ಬೀಗದ ಕೈ ತಂದು ನನ್ನ ಕೈಗಿಟ್ಟವರು. ಏಳನೇ ಪೇಪರಿನಲ್ಲಿ ಕೊನೆಯ ಹೆಸರು ಅವರದು.

ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

"ಆ ನೋಟ್‌ಬುಕ್ ನಾ ನೋಡಿದ್ನೇನು?"

"ಇಲ್ರಿ ಸರ್. ನೀವು ಕೇಳಲಿಲ್ಲ, ನಾ ತೋರಸಲಿಲ್ಲ."

"ಯಾರ್ಯಾರಿಗೆ ಗೊತ್ತೈತಿ?"

"ನನಗ. ಈಗ ನಿಮಗ."

ಅಮ್ಮಾವರು ಚಹಾ ಇಟ್ಟು ಹೋದರು. ಆರಿತು.

"ಹಂಗಾದ್ರ ಹಿಂಗ ಮಾಡು. ಫ್ರೀಜರ್ ಕೆಟ್ಟಿತ್ತು, ಸ್ಯಾಂಪಲ್ ಹಾಳಾಗಿದ್ವು, ಈಗ ಗಮನಕ್ಕ ಬಂತು ಅಂತ ಬರಿ. ಹದಿನೆಂಟು ಬಿಟ್ಟು ಹನ್ನೊಂದು ಹಿಡೀರಿ ಅಂತ ಹೇಳು. ಆ ಹೆಣ್ಮಕ್ಕಳಿಗೆ ಬೇಕಾಗಿದ್ದು ಇಷ್ಟ. ಗುಣಾಕಾರದ ಮಾತು ತಗೊಂಡು ಅವ್ರೇನ್ ಮಾಡ್ತಾರ?"

"ಅದು ಪೂರಾ ಖರೆ ಆಗಂಗಿಲ್ಲಲ್ರಿ ಸರ್."

ಆಗ ಧ್ವನಿ ಏರಿತು. "ನಿನ್ನ ಸಂಬಂಧ ನಾ ಎಷ್ಟ ಮಂದಿ ಕೂಡ ಜಗಳಾಡೀನಿ ಮಾಲೂಮ್ ಐತೇನು? ನಾಳಿ ಅವ್ರೆಲ್ಲ ನಾವು ಮೊದಲ ಹೇಳಿದ್ವಿಲ್ಲ ಅಂತಾರ. ನಿನಗೊಬ್ಬಾಕಿಗೆ ಅಲ್ಲ ಶೇಖಮ್ಮ. ನಿನ್ನ ಹಿಂದ ನಮ್ಮ ಊರಕಡಿಂದ ಬರೋ ಹುಡುಗ್ಯಾರಿಗೂ ಬಾಗಲಾ ಹಾಕ್ತಾರ."

ಆರಿದ ಚಹಾ ಕುಡಿದು ಎದ್ದೆ.

೩೦ ನವೆಂಬರ್. ಸಂಜೆ

ಸರ್ ಹೇಳಿದ ಹಾಗೆಯೇ ಬರೆದೆ. ಫ್ರೀಜರ್. ಹನ್ನೊಂದು. ಗುಣಿಸಿದ್ದು ಇಲ್ಲ. ಕ್ಯಾಂಪ್ ನೋಡಿಕೊಳ್ಳುವ ಡಾ. ಫಕ್ರುದ್ದೀನರಿಗೆ ಮೇಲ್ ಕಳಿಸಿದೆ. ಕಳಿಸಿದ ಮೇಲೆ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

೨ ಡಿಸೆಂಬರ್, ಭಾನುವಾರ. ಬೆಳಿಗ್ಗೆ ೯

ಫಕ್ರುದ್ದೀನರ ಉತ್ತರ ಬಂತು. ಬಹಳ ಮರ್ಯಾದೆಯಿಂದಲೇ ಬರೆದಿದ್ದಾರೆ. ಹದಿನೆಂಟು ಎಂಬುದು ಒಂದು ಪೇಪರಿನಲ್ಲಿ ಅಲ್ಲ, ನಿಮ್ಮದೇ ಐದು ಪೇಪರುಗಳಲ್ಲಿದೆ. ಪುಣೆಯ ಸಂಶೋಧಕರು ಹನ್ನೆರಡು ಎಂದಾಗ, ಅವರ ಕಿಟ್ ಸರಿಯಿಲ್ಲ ಎಂದು ೨೦೦೯ರಲ್ಲಿ ನೀವೇ ಉತ್ತರ ಬರೆದಿದ್ದೀರಿ. ಒಂದು ಮೇಲ್ ನೋಡಿ ಬದಲಿಸಲು ಟ್ರಸ್ಟ್ ಒಪ್ಪುವುದಿಲ್ಲ. ನಾಳೆಯ ಕ್ಯಾಂಪ್ ಆಗುತ್ತದೆ.

೨೦೦೯ರ ಆ ಉತ್ತರ. ಪಟ್ಟಿಯಲ್ಲಿ ಅದು ಹತ್ತನೆಯದು. ಪುಣೆಯವರದು ಸರಿಯಿತ್ತು. ಬರೆಯುವಾಗ ನನಗೆ ಅನುಮಾನ ಇತ್ತು. ಇತ್ತು. ಅದಕ್ಕೇ ಅಷ್ಟು ಜೋರಾಗಿ ಬರೆದೆ.

ಫೋನ್ ಹಚ್ಚಿದರೆ ಎತ್ತುತ್ತಿಲ್ಲ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಸುರಪುರ.

೩ ಡಿಸೆಂಬರ್. ಸುರಪುರ. ಸಂಜೆ ೫

ಅಪ್ಪನ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಎಂಬತ್ತು ಹೆಂಗಸರಾದರೂ ಇದ್ದರು. ಹತ್ತಿ ಬಿಡಿಸುವುದು ಬಿಟ್ಟು ಬಂದವರು, ತಲೆಗೆ ಕಟ್ಟಿದ ವಸ್ತ್ರ ಹಾಗೇ ಇತ್ತು. ಗೋಡೆಗೆ ದೊಡ್ಡದಾಗಿ ಚಾರ್ಟ್ — ಹದಿನೆಂಟರ ಕೆಳಗೆ ಹಸಿರು, ಮೇಲೆ ಕೆಂಪು.

ಫಕ್ರುದ್ದೀನ್ ಚಿಕ್ಕ ವಯಸ್ಸಿನವರು, ಮೂವತ್ತೆರಡು ಇರಬಹುದು. ಎದ್ದು ನಿಂತು ಕುರ್ಚಿ ಕೊಟ್ಟರು.

"ಮೇಡಂ, ಬಂದದ್ದು ಖುಷಿ ಆತ್ರಿ. ಆದ್ರ ಫ್ರೀಜರ್ ಮಾತೊಂದ ಹಿಡಕೊಂಡು ನಾ ಹ್ಯಾಂಗ ನಿಲ್ಲಸಲಿ? ಹನ್ನೊಂದಕ್ಕ ಇಳಿಸಿದ್ರ ಎಷ್ಟ ಮಂದಿಗೆ ಸುಮ್ ಸುಮ್ಮನ ಬಯಾಪ್ಸಿ ಮಾಡಬೇಕಾಗ್ತದ. ಟ್ರಸ್ಟಿನವ್ರು ಪುರಾವಾ ಕೇಳ್ತಾರ."

ಮೊದಲ ಹೆಂಗಸಿನ ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದರು.

"ಪುರಾವಾ ನಾನ ಅದೀನ್ರಿ," ಅಂದೆ. "ಇಪ್ಪತ್ತೆರಡು ಅಂಕಿ ಟೆಸ್ಟಿನ್ಯಾಗ ಬಂದಿದ್ದಲ್ಲ. ನಾ ಕೂತು ಎರಡರಲೆ ಗುಣಿಸಿ ಬರದೀನಿ. ಯಾರಿಗೂ ಹೇಳಿಲ್ಲ."

ಅವರಿಗೆ ಕೇಳಿಸಲಿಲ್ಲವೇನೋ ಅನ್ನಿಸಿತು. ಮತ್ತೆ ಹೇಳಿದೆ. ಈ ಸಲ ಪಕ್ಕದ ನರ್ಸ್ ಸಹ ತಿರುಗಿ ನೋಡಿದಳು.

ಫಕ್ರುದ್ದೀನ್ ಕುಳಿತುಬಿಟ್ಟರು. ಆಮೇಲೆ ಬಹಳ ಮೆಲ್ಲಗೆ ಅಂದರು, "ಜುಲೈಯಿಂದ ಮಂದಿಗಿ ನಿಮಗೇನಿಲ್ಲ, ಮನಿಗಿ ಹೋಗ್ರಿ ಅಂದೀನಿ. ನನ್ನ ಬಾಯಿಲೆ ಅಂದೀನಿ ಮೇಡಂ."

"ಹೌದ್ರಿ."

"ಬರದು ಕೊಡ್ರಿ. ಎಲ್ಲಾ. ಸಹಿ ಮಾಡ್ರಿ."

ಔಷಧಿ ಚೀಟಿಗಳ ಹಿಂಬದಿಯಲ್ಲಿ ಬರೆದೆ. ಫ್ರೀಜರ್, ತಾರೀಖು, ಇಪ್ಪತ್ತೆರಡು, ಗುಣಾಕಾರ. ಹತ್ತನೇ ಪೇಪರೂ ತಪ್ಪು ಎಂದು ಬರೆದೆ. 'ಮಾಡಿದ್ದು ನಾನೊಬ್ಬಳೇ, ಗೈಡ್‌ಗೆ ತಿಳಿದಿರಲಿಲ್ಲ' ಎಂದು ಕೊನೆಗೆ. ಒಂದೂವರೆ ಪುಟ.

ಅವರು ಓದಿ, ಎದ್ದು ಹೋಗಿ ಗೋಡೆಯ ಚಾರ್ಟ್ ಹರಿದರು. ಸಿಟ್ಟಿನಲ್ಲಿ, ಸುತ್ತಿ ಎಸೆದರು. ಆಮೇಲೆ ಸಾಲಿನಲ್ಲಿದ್ದವರಿಗೆ ಇವತ್ತು ರಕ್ತ ಬೇಡ, ಎಲ್ಲರ ಬಾಯಿ ಕಣ್ಣಿಂದಲೇ ನೋಡುತ್ತೇನೆ, ಅನುಮಾನ ಬಂದ ಎಲ್ಲರಿಗೂ ಬಯಾಪ್ಸಿ ಎಂದರು. ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಹೊರಡುವಾಗ ರಿಜಿಸ್ಟರಿನ ಜೆರಾಕ್ಸ್ ಕೈಗೆ ಕೊಟ್ಟರು. ಹನ್ನೊಂದು–ಹದಿನೆಂಟರ ನಡುವಿನವರಿಗೆ ಕೆಂಪು ಶಾಯಿಯಲ್ಲಿ ಗೆರೆ. ನಲವತ್ಮೂರು.

೪ ಡಿಸೆಂಬರ್. ಸಂಜೆ

ಅಪ್ಪನಿಗೆ ಹೇಳಿದೆ. ನಾರಾಯಣಪುರದ ಕ್ವಾರ್ಟರ್ಸ್ ಬಿಟ್ಟು ಇಲ್ಲಿಗೆ ಬಂದಾಗ ಅಪ್ಪ ಮೊದಲು ಮಾಡಿದ ಕೆಲಸ ನನ್ನ ಪೇಪರುಗಳನ್ನೆಲ್ಲ ಕೆಂಪು ಬಟ್ಟೆಯ ಬೈಂಡ್ ಹಾಕಿಸಿದ್ದು. ಬಂದವರಿಗೆಲ್ಲ ತೋರಿಸುತ್ತಾನೆ. ಇಂಗ್ಲಿಷ್ ಬಾರದು, ನನ್ನ ಹೆಸರು ಎಲ್ಲೆಲ್ಲಿದೆ ಎಂದು ಗೊತ್ತು.

"ಯಾವದು? ತೋರಸು."

ಬೆರಳಿಟ್ಟೆ. ಪುಟದ ಮೇಲೆ ಅಂಗೈ ಇಟ್ಟುಕೊಂಡು ಕುಳಿತ.

"ಇದು ಹೋದ್ರ ಡಾಕ್ಟರಕಿ ಹೋಗ್ತದೇನು?"

"ಪಿಎಚ್.ಡಿ. ಹೋಗಬಹುದು ಯಪ್ಪಾ. ನೌಕರಿ ಸುದ್ದಿ ಗೊತ್ತಿಲ್ಲ."

"ಆ ಹೆಣ್ಮಗಳು ಉಳೀತಾಳೇನು?"

"ಅದೂ ಗೊತ್ತಿಲ್ಲ."

ಅಪ್ಪ ಪುಸ್ತಕ ಮುಚ್ಚಿ ಹೊರಗೆ ಹೋದ. ಮಧ್ಯಾಹ್ನದವರೆಗೆ ಬರಲಿಲ್ಲ. ನಾನು ಅಷ್ಟರಲ್ಲಿ ಜರ್ನಲ್ಲಿಗೆ, ಕಾಲೇಜಿಗೆ, ಸರ್‌ಗೆ ಒಂದೇ ಕಾಗದ ಕಳಿಸಿದೆ. ಚೀಟಿಯಲ್ಲಿ ಬರೆದದ್ದೇ. ಕಾಲೇಜಿಗೆ, ಸಂದರ್ಶನಕ್ಕೆ ಬರುವುದಿಲ್ಲ ಎಂದೂ.

೯ ಡಿಸೆಂಬರ್, ಭಾನುವಾರ. ಗುಲ್ಬರ್ಗಾ. ಸಂಜೆ ೪

ನಾಳೆ ಮಲಕಮ್ಮನ ಆಪರೇಷನ್. ಆಮೇಲೆ ಎಷ್ಟು ದಿನ ಮಾತು ಬರುತ್ತದೋ ಇಲ್ಲವೋ. ಇವತ್ತೇ ಹೇಳಬೇಕಿತ್ತು, ಆಸ್ಪತ್ರೆಗೆ ಹೋದೆ. ಅಮೋಘಸಿದ್ದ ಬಾಗಿಲ ಹತ್ತಿರ ಕಂಬಳಿ ಹಾಸಿ ಕುಳಿತಿದ್ದ.

ಮೊದಲಿನಿಂದ ಹೇಳಿದೆ. ಅವಳಿಗೆ ತಿಳಿಯುವ ಹಾಗೆ. ಹದಿನಾಲ್ಕು ಬಂದದ್ದಕ್ಕೆ ನಿನ್ನನ್ನು ಅವತ್ತೇ ಇಲ್ಲಿಗೆ ಕಳಿಸಬೇಕಿತ್ತು, ಕಳಿಸದಿದ್ದದ್ದು ನನ್ನ ತಪ್ಪು ಅಂಕಿಯಿಂದ ಎಂದೆ.

ಅಮೋಘಸಿದ್ದ ಎದ್ದು ನಿಂತ. "ಅಂದ್ರ ನಿಮಗ ಗೊತ್ತಿತ್ತು?"

"ಅಂಕಿ ಖರೆ ಅಲ್ಲ ಅನ್ನೋದು ಗೊತ್ತಿತ್ತು. ಹಿಂಗಾಗ್ತದ ಅನ್ನೋದು ಗೊತ್ತಿರಲಿಲ್ಲ."

ಅವನು ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಹೊರಗೆ ಹೋಗಿ ಕಾರಿಡಾರಿನಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತ.

ಮಲಕಮ್ಮ ಹಲ್ಲು ಕಚ್ಚಿದ ಹಾಗೆಯೇ ಮಾತಾಡಿದಳು, ಬಾಯಿ ತೆರೆಯಲು ಆಗುವುದಿಲ್ಲವಲ್ಲ. "ನನ್ನಂಥವ್ರು ಎಷ್ಟ ಮಂದಿ ಅದಾರ?"

"ನಿನ್ನ ಸೇರಿ ನಲವತ್ಮೂರು."

"ಅವ್ರಿಗೆಲ್ಲ ಹೇಳೀರೇನು?"

"ಹನ್ನೊಂದ ಮಂದಿಗೆ ಹೇಳೀನಿ."

"ಮತ್ತ ಇಲ್ಲಿ ನನ್ನ ಮುಂದ ಕುಂತ ಅತ್ರ ಏನ್ ಬಂತು? ಏಳ್ರಿ. ಹೋಗ್ರಿ."

ಅತ್ತಿದ್ದು ನನಗೆ ಆವರೆಗೆ ಗೊತ್ತಾಗಿರಲಿಲ್ಲ.

೧೭ ಡಿಸೆಂಬರ್. ಶಹಾಪುರ

ಹದಿನಾಲ್ಕನೇ ತಾರೀಖು ಬಂದು ಹೋಯಿತು. ಆ ದಿನ ಗೊಲ್ಲಾಳಮ್ಮನ ಜೊತೆ ವಡಗೇರಾ ಬಸ್ಸಿನಲ್ಲಿದ್ದೆ.

ಇಪ್ಪತ್ತೊಂಬತ್ತು ಜನ ಸಿಕ್ಕಿದ್ದಾರೆ. ಹೊಲ, ಕಾಲುವೆ ದಂಡೆ, ತವರುಮನೆ. ಒಬ್ಬಳು ಬಾಗಿಲು ಹಾಕಿಕೊಂಡಳು, ಒಳಗಿನಿಂದಲೇ ಬೈದಳು — "ಒಮ್ಮೆ ಏನಿಲ್ಲ ಅಂತೀರಿ, ಒಮ್ಮೆ ಐತಿ ಅಂತೀರಿ, ಆಟ ಹಚ್ಚೀರೇನ್?" ಗೊಲ್ಲಾಳಮ್ಮ ಮೂರನೇ ದಿನ ಒಬ್ಬಳೇ ಹೋಗಿ ಕರೆತಂದಳು. ಅವಳಿಗೆ ಏನೂ ಇರಲಿಲ್ಲ.

ಫಕ್ರುದ್ದೀನ್ ಪ್ರತಿ ಮಂಗಳವಾರ, ಶುಕ್ರವಾರ ಬಯಾಪ್ಸಿ ತೆಗೆಯುತ್ತಿದ್ದಾರೆ. ಈವರೆಗೆ ನಾಲ್ವರಿಗೆ ಇದೆ. ಮೂವರದು ಚಿಕ್ಕದು, ಕೊಯ್ದು ತೆಗೆದರೆ ಮುಗಿಯುತ್ತದೆ. ನಾಲ್ಕನೆಯವಳು ಮಲಕಮ್ಮ. ಮೂಗಿನ ನಳಿಕೆಯಿಂದ ಗಂಜಿ ಹೋಗುತ್ತಿದೆ. ನಿನ್ನೆ ಗುಲ್ಬರ್ಗಾ ಆಸ್ಪತ್ರೆಗೆ ಹೋದಾಗ ಕಣ್ಣು ಬಿಟ್ಟು ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದಳು. ಅಮೋಘಸಿದ್ದ ಮಾತಾಡುವುದಿಲ್ಲ, ಆದರೆ ಔಷಧಿ ಚೀಟಿ ಓದಿಸಲು ನನ್ನ ಹತ್ತಿರವೇ ತರುತ್ತಾನೆ.

೨೨ ಡಿಸೆಂಬರ್

ಕಾಲೇಜಿನ ನೋಟಿಸ್. ವಿಚಾರಣೆ ಮುಗಿಯುವವರೆಗೆ ಲ್ಯಾಬಿಗೆ ಹೋಗುವಂತಿಲ್ಲ. ಬೀಗದ ಕೈ ಕೊಟ್ಟು ಬಂದೆ. ಸ್ಟಾಫ್ ರೂಮಿನಲ್ಲಿ ಒಬ್ಬರು, ನನಗೆ ಕೇಳುವ ಹಾಗೆಯೇ — 'ಇಂಥವರನ್ನು ತಂದು ಕೂರಿಸಿದರೆ ಇನ್ನೇನಾಗುತ್ತದೆ.' ಸರ್ ಹೇಳಿದ್ದೇ ಮಾತು. ನಿಂತು ಉತ್ತರ ಕೊಡಬೇಕಿತ್ತು. ನಾನು ಮಾಡಿದ್ದಕ್ಕೆ ನನ್ನನ್ನು ಬಯ್ಯಿರಿ ಎನ್ನಬೇಕಿತ್ತು. ಮೆಟ್ಟಿಲು ಇಳಿದು ಬಂದುಬಿಟ್ಟೆ.

ಸಂಜೆ ಜರ್ನಲ್‌ನಿಂದ ಮೇಲ್. ಏಳನೇ ಪೇಪರ್ ಹಿಂತೆಗೆಯುತ್ತಾರೆ. ಅದರ ಮೇಲೆ ನಿಂತ ಉಳಿದ ನಾಲ್ಕನ್ನೂ ಪರಿಶೀಲಿಸುತ್ತಾರೆ. ಕೆಳಗೆ ಸರ್ ಬರೆದ ಕಾಗದವನ್ನೂ ಲಗತ್ತಿಸಿದ್ದರು. ಸರ್ ಬರೆದಿದ್ದಾರೆಂದೇ ನನಗೆ ಗೊತ್ತಿರಲಿಲ್ಲ. ನಾಲ್ಕೇ ಸಾಲು. 'ನಾನು ಅವಳ ಮಾರ್ಗದರ್ಶಕ. ಅಂಕಿಗಳು ಬಹಳ ಚೆನ್ನಾಗಿ ಬಂದಿದ್ದವು. ಆದ್ದರಿಂದ ನೋಟ್‌ಬುಕ್ ಕೇಳಲಿಲ್ಲ. ಕೇಳಬೇಕಿತ್ತು.'

ಫೋನ್ ಮಾಡಿದೆ. ಎತ್ತಲಿಲ್ಲ.

೩ ಜನವರಿ ೨೦೧೩

ನಲವತ್ತೆರಡು ಜನ ಸಿಕ್ಕರು. ಆರು ಜನರಿಗೆ ಇದೆ. ಉಳಿದವಳು ಒಬ್ಬಳು — ಸಾಯಬಮ್ಮ, ವಡಗೇರಾ ಕಡೆಯವಳು, ಮೂವತ್ತೊಂದು ವರ್ಷ. ೧೭.೩. ಮನೆಗೆ ಕಳಿಸಿದವರಲ್ಲೆಲ್ಲ ಹೆಚ್ಚು ಅವಳದೇ. ದಸರಾ ಆದ ಮೇಲೆ ಗಂಡನ ಜೊತೆ ಪುಣೆಗೆ ಹೋಗಿದ್ದಾಳೆ, ಬಿಲ್ಡಿಂಗ್ ಕೆಲಸಕ್ಕೆ. ಅತ್ತೆಯ ಹತ್ತಿರ ಅವರನ್ನು ಕೂಲಿಗೆ ಕರೆದೊಯ್ದ ಮುಕಾದಮನ ನಂಬರ್ ಇತ್ತು. ಎರಡು ಸಲ ಕಟ್ ಮಾಡಿದ. ಮೂರನೇ ಸಲ ಗೊಲ್ಲಾಳಮ್ಮ ಅವನಿಗೆ ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಸಂಜೆ ಸಾಯಬಮ್ಮನಿಂದಲೇ ಫೋನ್ ಬಂತು.

"ನನಗೇನಿಲ್ಲ ಅಂದಿದ್ರಲ್ರಿ?"

"ತಪ್ಪಾಗೇದ ತಂಗಿ. ತಪ್ಪು ನಂದು. ನೀ ಬಾ, ಒಮ್ಮೆ ನೋಡ್ತೀವಿ."

"ಬಾಯಾಗ ಏನೂ ತಕಲೀಫ್ ಇಲ್ರಿ. ಕೂಸ ಸಣ್ಣದೈತಿ. ಸ್ಲ್ಯಾಬ್ ಹಾಕಾಕತ್ತಾರ, ಬಿಡಂಗಿಲ್ಲ."

"ನಾ ಬರ್ಲೇನು ಅಲ್ಲಿಗಿ?"

ಹಿಂದೆ ಕಾಂಕ್ರೀಟ್ ಯಂತ್ರದ ಸದ್ದು. ಆಮೇಲೆ, "ಬ್ಯಾಡ್ರಿ. ನಾನ ಬರ್ತೀನಿ. ಆಯ್ತವಾರ."

೬ ಜನವರಿ, ಭಾನುವಾರ. ಯಾದಗಿರಿ ಸ್ಟೇಷನ್. ಬೆಳಿಗ್ಗೆ ೧೦.೪೦

ಗಾಡಿ ಒಂದು ತಾಸು ಲೇಟ್. ಗೊಲ್ಲಾಳಮ್ಮ ಪ್ಲಾಟ್‌ಫಾರಂ ತುದಿಗೆ ಹೋಗಿ ನೋಡಿ ಬರುತ್ತಿದ್ದಾಳೆ, ನಾಲ್ಕನೇ ಸಲ. ಫಕ್ರುದ್ದೀನ್ ಶಹಾಪುರದಲ್ಲಿ ಕಾಯುತ್ತಿದ್ದಾರೆ, ಭಾನುವಾರವಾದರೂ. ಬೆಳಿಗ್ಗೆ ಅವರೇ ಫೋನ್ ಮಾಡಿ, ಹೊರಟಿದ್ದಾಳೆಂಬುದು ಖಾತ್ರಿಯೇನು ಎಂದು ಕೇಳಿದರು. ಚಾರ್ಟ್ ಹರಿದ ದಿನದಿಂದ ಅವರಾಗಿ ಮಾತಾಡಿದ್ದು ಇದೇ ಮೊದಲು.

ಖಾತ್ರಿ ಎಲ್ಲಿದೆ. ನಿನ್ನೆಯಿಂದ ಆ ಫೋನ್ ಸ್ವಿಚ್ ಆಫ್.

ಏನೂ ಇರದೆ ಇರಬಹುದು. ನಲವತ್ತೆರಡರಲ್ಲಿ ಮೂವತ್ತಾರು ಜನರಿಗೆ ಏನೂ ಇರಲಿಲ್ಲ. ಬಾಯಲ್ಲಿ ತಕಲೀಫ್ ಇಲ್ಲ ಅಂದಳಲ್ಲ. ಕೆಲಸ ತಪ್ಪುತ್ತದೆಂದು ಹಾಗಂದಿರಲೂಬಹುದು... ಮೂವತ್ತೊಂದು ವರ್ಷ.

ಗಂಟೆ ಹೊಡೆದರು. ಗಾಡಿ ಕಾಣುತ್ತಿದೆ.

ಜನರಲ್ ಡಬ್ಬಿ ಮುಂದೆ ಬಂದು ನಿಂತಿತು. ಗಂಡಸರು, ಗಂಟುಗಳು, ಮತ್ತೆ ಗಂಡಸರು. ಈಗ ಒಬ್ಬಳು ಇಳಿಯುತ್ತಿದ್ದಾಳೆ, ಕಂಕುಳಲ್ಲಿ ಕೂಸು. ಇನ್ನೊಂದು ಕೈಯಲ್ಲಿ ಸೆರಗು, ಬಾಯಿಗೆ ಒತ್ತಿ ಹಿಡಿದಿದ್ದಾಳೆ. ಗೊಲ್ಲಾಳಮ್ಮ ಓಡುತ್ತಿದ್ದಾಳೆ. ಧೂಳಿಗೆ ಹಿಡಿದಿರಬಹುದು, ಧೂಳಿಗೇ ಇರಲಿ. ಡೈರಿ ಮುಚ್ಚಿ ನಾನೂ ಹೋಗುತ್ತೇನೆ.